ಮೃತರ ಸ್ಮರಣೆಗೆ ಗಡಿಯುಂಟೇ?



ನವೆಂಬರ್ 2ರಂದು ನಾವೆಲ್ಲ ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ನಮ್ಮ ಮೃತರಿಗಾಗಿ ಪ್ರಾರ್ಥಿಸುತ್ತೇವೆ. ‘ನಮ್ಮ ಮೃತರು’ ಎನ್ನುವಾಗ ನಾವು ಯಾರನ್ನು ನೆನೆಯುತ್ತೇವೆ, ಯಾರನ್ನು ಬಿಡುತ್ತೇವೆ? ಬೋಸ್ನಿಯಾ ದೇಶದ ಒಂದು ಪುಟ್ಟ ಗಡಿಪಟ್ಟಣದ ಕಥೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಆ ಪಟ್ಟಣದ ಹೆಸರು ಬೊಸಾನ್ಸ್ಕಿ ಶಾಮಾತ್ಸ್. ಬೋಸ್ನಾ ನದಿ ಸಾವಾ ನದಿಯನ್ನು ಸೇರುವ ಸಂಗಮದಲ್ಲಿ ಅದು ನಿಂತಿದೆ. ಸಾವಾ ದಾಟಿದರೆ ಕ್ರೊಯೇಷಿಯಾ. 1860ರ ದಶಕದಲ್ಲಿ ಸೆರ್ಬಿಯಾದಿಂದ ಹೊರಹಾಕಲ್ಪಟ್ಟ ಮುಸ್ಲಿಂ ಕುಟುಂಬಗಳಿಗಾಗಿ ತುರ್ಕಿ ಸಾಮ್ರಾಜ್ಯ ಕಟ್ಟಿಸಿದ ಊರು ಇದು. ಮನೆ ಕಳೆದುಕೊಂಡವರೇ ಕಟ್ಟಿದ ಊರೆಂಬುದನ್ನು ನಾವು ನೆನಪಿಡೋಣ.

ಕಾಲಕ್ರಮದಲ್ಲಿ ಇಲ್ಲಿ ಮೂರು ಸಮುದಾಯಗಳು ಬೆರೆತು ಬಾಳಿದವು. ಕ್ರೊಯೇಟರು ಕಥೋಲಿಕರು, ಸೆರ್ಬರು ಆರ್ಥಡಾಕ್ಸ್ ಕ್ರೈಸ್ತರು, ಬೋಸ್ನಿಯಾಕರು ಮುಸ್ಲಿಮರು. ಆಡುವ ಮಾತು ಹೆಚ್ಚುಕಡಿಮೆ ಒಂದೇ; ದೇವರನ್ನು ಕರೆಯುವ ರೀತಿ ಬೇರೆ. 1991ರ ಜನಗಣತಿಯಂತೆ ಪಟ್ಟಣ ಮತ್ತು ಸುತ್ತಲ ಹಳ್ಳಿಗಳಲ್ಲಿ ಸುಮಾರು 33,000 ಜನರಿದ್ದರು. ಅವರಲ್ಲಿ ಕ್ರೊಯೇಟರು ಶೇಕಡಾ 45ರಷ್ಟು, ಸೆರ್ಬರು 41ರಷ್ಟು, ಮುಸ್ಲಿಮರು 7ರಷ್ಟು. ಬೋಸ್ನಿಯಾದ ಮೊದಲ ಅಧ್ಯಕ್ಷ ಅಲಿಯಾ ಇಜೆತ್‌ಬೆಗೊವಿಚ್ ಹುಟ್ಟಿದ್ದು ಇಲ್ಲಿ. 2003ರಲ್ಲಿ ಹತ್ಯೆಯಾದ ಸೆರ್ಬಿಯಾದ ಪ್ರಧಾನಿ ಜೋರಾನ್ ಜಿಂಜಿಚ್ ಹುಟ್ಟಿದ್ದೂ ಇಲ್ಲಿಯೇ.

1992ರ ಏಪ್ರಿಲ್ 17ರಂದು ಈ ಬಾಳು ಮುರಿಯಿತು. ಸೆರ್ಬಿಯಾವನ್ನು ಪಶ್ಚಿಮದ ಸೆರ್ಬ್ ಪ್ರದೇಶಗಳಿಗೆ ಜೋಡಿಸುವ ದಾರಿಗೆ ಸಾವಾ ತೀರ ಬೇಕಾಗಿತ್ತು. ಸೆರ್ಬ್ ಪಡೆಗಳು ರಾತ್ರೋರಾತ್ರಿ ಪಟ್ಟಣವನ್ನು ವಶಪಡಿಸಿಕೊಂಡವು. ಕ್ರೊಯೇಟರನ್ನೂ ಮುಸ್ಲಿಮರನ್ನೂ ಪೊಲೀಸ್ ಠಾಣೆಯಲ್ಲಿ, ಶಾಲೆಗಳಲ್ಲಿ ಕೂಡಿಹಾಕಿ ಹೊಡೆದರು. ಮೇ 7ರಂದು ಹತ್ತಿರದ ತ್ಸಿರ್ಕ್ವಿನಾದ ಗೋದಾಮಿನಲ್ಲಿ ಕನಿಷ್ಠ 15 ಬಂದಿಗಳನ್ನು ಗುಂಡಿಕ್ಕಿ ಕೊಂದರು. ಸುಮಾರು 17,000 ಕ್ರೊಯೇಟರು ಮತ್ತು ಮುಸ್ಲಿಮರಲ್ಲಿ 1995ರ ಮೇ ವೇಳೆಗೆ ಉಳಿದವರು 300ಕ್ಕೂ ಕಡಿಮೆ.

ಇಷ್ಟಕ್ಕೇ ಕಥೆ ನಿಲ್ಲಿಸಿದರೆ ಕಥೋಲಿಕರಾದ ನಮಗೆ ಸುಲಭ. ಆದರೆ ಬೋಸ್ನಾ ನದಿಯಾಚೆಯ ಒಡ್ಜಾಕ್‌ನಲ್ಲಿ ಅದೇ 1992ರಲ್ಲಿ ಕ್ರೊಯೇಟ್ ಪಡೆಗಳು ಸೆರ್ಬರನ್ನು ಶಾಲೆಯಲ್ಲಿ ಕೂಡಿಹಾಕಿದ್ದವು. ನದಿಯ ಎರಡೂ ದಡಗಳಲ್ಲಿ ಮಕ್ಕಳು ಅಕ್ಷರ ಕಲಿತ ಕೋಣೆಗಳೇ ಸೆರೆಮನೆಗಳಾದವು. ಒಂದೊಂದು ಸಮುದಾಯವೂ ತನ್ನ ಶಾಲೆಯ ನೋವನ್ನಷ್ಟೇ ನೆನೆದು ಇನ್ನೊಂದನ್ನು ಮರೆತರೆ, ಆ ನೆನಪು ಅರ್ಧ ಸತ್ಯವಾಗುತ್ತದೆ. ಅರ್ಧ ಸತ್ಯದ ನೆನಪು ಮುಂದಿನ ದ್ವೇಷಕ್ಕೆ ಬೀಜ.

ಹಾಗಾದರೆ ಎಲ್ಲವನ್ನೂ ಮರೆತುಬಿಡಬೇಕೇ? ಖಂಡಿತ ಇಲ್ಲ. ಕ್ಷಮೆ ಬೇರೆ, ಮರೆವು ಬೇರೆ. ಪಾಪನಿವೇದನೆಯಲ್ಲಿ ನಾವು ತಪ್ಪನ್ನು ಅದರ ಹೆಸರಿನಿಂದಲೇ ಕರೆಯುತ್ತೇವಲ್ಲವೇ? ಶಾಮಾತ್ಸ್‌ನ ಯುದ್ಧಕಾಲದ ಪೊಲೀಸ್ ಮುಖ್ಯಸ್ಥ ಸ್ತೆವಾನ್ ತೊದೊರೊವಿಚ್ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮುಂದೆ ತಪ್ಪೊಪ್ಪಿಕೊಂಡ. 2001ರಲ್ಲಿ ಅವನಿಗೆ 10 ವರ್ಷಗಳ ಶಿಕ್ಷೆಯಾಯಿತು. ಶಿಕ್ಷೆ ಸತ್ತವರನ್ನು ಮರಳಿ ತರಲಿಲ್ಲ, ನಿಜ. ಆದರೆ ನಡೆದದ್ದು ನಡೆದಿಲ್ಲವೆಂದು ಹೇಳುವವರ ಬಾಯಿಗೆ ಆ ಒಪ್ಪಿಗೆ ಬೀಗ ಹಾಕಿತು.

ನಮ್ಮ ಧರ್ಮಸಭೆಯೂ ಈ ದಾರಿಯಲ್ಲಿ ನಡೆದಿದೆ. 1942ರಲ್ಲಿ ಬಾನ್ಯಾ ಲೂಕಾ ನಗರದ ಬಳಿಯ ಹಳ್ಳಿಗಳಲ್ಲಿ ಉಸ್ತಾಷಾ ಎಂಬ ಕ್ರೊಯೇಟ್ ಪಡೆ ಸೆರ್ಬರನ್ನು ಸಾಮೂಹಿಕವಾಗಿ ಕೊಂದಿತ್ತು. 2003ರ ಜೂನ್ 22ರಂದು ಜಗದ್ಗುರು ಸಂತ ದ್ವಿತೀಯ ಜಾನ್ ಪಾಲರು ಅದೇ ನಗರದಲ್ಲಿ ಬಲಿಪೂಜೆ ಅರ್ಪಿಸಿ, ಕಥೋಲಿಕ ಮಕ್ಕಳು ಕೂಡ ಮಾನವರ ವಿರುದ್ಧ ಎಸಗಿದ ಪಾಪಗಳಿಗಾಗಿ ದೇವರ ಕರುಣೆ ಬೇಡಿದರು. ನೊಂದವರ ಮುಂದೆ ತಲೆಬಾಗುವುದರಿಂದ ನಮ್ಮ ವಿಶ್ವಾಸ ಕುಗ್ಗುವುದಿಲ್ಲ.

1995ರ ಡೇಟನ್ ಒಪ್ಪಂದದ ನಂತರ ಶಾಮಾತ್ಸ್ ಎರಡು ಹೋಳಾಯಿತು. ಪಟ್ಟಣ ಸೆರ್ಬ್ ಗಣರಾಜ್ಯಕ್ಕೆ ಸೇರಿತು. ಕ್ರೊಯೇಟರೇ ಹೆಚ್ಚಿರುವ ದೊಮಾಲ್ಯೆವಾತ್ಸ್ ಬೇರೆ ಆಡಳಿತವಾಯಿತು. 2013ರ ಜನಗಣತಿಯಲ್ಲಿ ಮೊದಲನೆಯದರಲ್ಲಿ ಸುಮಾರು 17,000, ಎರಡನೆಯದರಲ್ಲಿ 5,000ಕ್ಕೂ ಕಡಿಮೆ ಜನ. ಒಟ್ಟು 33,000ದಲ್ಲಿ ಮೂರನೇ ಒಂದು ಪಾಲು ಜನ ಇಲ್ಲವಾದರು.

ಇಜೆತ್‌ಬೆಗೊವಿಚರ ಅಜ್ಜ ಈ ಊರಿನ ಮೇಯರ್ ಆಗಿದ್ದಾಗ, 1914ರಲ್ಲಿ, ಆಸ್ಟ್ರಿಯಾ ಸರ್ಕಾರದ ಕೈಗೆ ಸಿಕ್ಕ 40 ಸೆರ್ಬರ ಜೀವ ಉಳಿಸಿದರೆಂದು ಹೇಳುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಮೊಮ್ಮಗನನ್ನು ಸೆರ್ಬ್ ಪಡೆಯವರು ಹಿಡಿದಾಗ, ಅಜ್ಜನ ಆ ಉಪಕಾರ ನೆನೆದು ಬಿಟ್ಟುಬಿಟ್ಟರಂತೆ. ನೆನಪು ಕೊಲ್ಲಬಲ್ಲದು, ಕಾಯಲೂ ಬಲ್ಲದು.

ಆದ್ದರಿಂದ ಪ್ರಿಯರೇ, ಈ ಬಾರಿ ನಮ್ಮವರ ಸಮಾಧಿಗಳ ಮುಂದೆ ನಿಂತಾಗ ಇನ್ನೊಂದು ಬತ್ತಿ ಹಚ್ಚೋಣ. ನಮ್ಮವರಿಂದ ನೊಂದು ಸತ್ತವರಿಗಾಗಿ, ಹೆಸರು ಹೇಳುವವರಿಲ್ಲದವರಿಗಾಗಿ ಅದು ಉರಿಯಲಿ. ಅವರಿಗೂ ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.