ಅಮೆರಿಕ ಸರಿ, ಆದರೆ ಯಾವೂರು?

"ಅವರಿಗೆ ಆನ್‌ಸೈಟ್ ಸಿಕ್ಕಿದೆ, ಅಮೆರಿಕಕ್ಕೆ ಹೊರಟಿದ್ದೀವಿ" ಅಂದರೆ ಸಾಕು, ಮನೆಯಲ್ಲಿ ಸಡಗರವೋ ಸಡಗರ. ಸಾರಿನ ಪುಡಿ, ಚಟ್ನಿಪುಡಿ, ಕುಕ್ಕರ್‌ನ ಗ್ಯಾಸ್ಕೆಟ್, ಉಲ್ಲನ್ ಸ್ವೆಟರ್... ಅಮ್ಮನದೊಂದು ಪಟ್ಟಿ, ಅತ್ತೆಯದೊಂದು ಪಟ್ಟಿ. ಆದರೆ ಹೊರಡುವ ಹೆಣ್ಣುಮಗಳು ಕೇಳಲೇಬೇಕಾದ ಒಂದು ಪ್ರಶ್ನೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ. "ಅಮೆರಿಕ ಸರಿ, ಯಾವೂರು?"

ನಮ್ಮ ರಾಜ್ಯದಲ್ಲೇ ಬೀದರ್‌ನ ಬಿಸಿಲಿಗೂ ಮಡಿಕೇರಿಯ ಮಳೆಗೂ ಎಷ್ಟು ವ್ಯತ್ಯಾಸ! ಅಮೆರಿಕವಂತೂ ನ್ಯೂಯಾರ್ಕ್‌ನಲ್ಲಿ ಮಧ್ಯಾಹ್ನ 12 ಗಂಟೆಯಾದರೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಬೆಳಿಗ್ಗೆ 9 ಆಗಿರುವಷ್ಟು ದೊಡ್ಡ ದೇಶ. ಒಂದೂರಲ್ಲಿ ಹಿಮ, ಇನ್ನೊಂದೂರಲ್ಲಿ ಸೆಕೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗಂಡ ಬೆಳಿಗ್ಗೆ ಕಾರು ತಗೊಂಡು ಆಫೀಸಿಗೆ ಹೋದ ಮೇಲೆ, ಸಂಜೆಯವರೆಗೆ ನೀವು ಒಬ್ಬರೇ ಮನೆಯಿಂದ ಹೊರಗೆ ಹೋಗಿ ಬರಲು ಸಾಧ್ಯವೇ? ಉತ್ತರ ಊರಿನಿಂದ ಊರಿಗೆ ಬೇರೆ. ಅಲ್ಲಿನ ನಿಮ್ಮ ದಿನಗಳು ಹೇಗಿರುತ್ತವೆ ಅನ್ನೋದನ್ನು ಬಹುಮಟ್ಟಿಗೆ ನಿರ್ಧರಿಸುವುದೂ ಇದೇ.

ನ್ಯೂಯಾರ್ಕ್, ನ್ಯೂಜೆರ್ಸಿ: ಕಾರಿಲ್ಲದಿದ್ದರೂ ನಡೆಯುತ್ತೆ

ನ್ಯೂಯಾರ್ಕ್ ನಗರದ ಸಬ್‌ವೇ ರೈಲಿಗೆ 472 ನಿಲ್ದಾಣಗಳು. ದಿನದ 24 ಗಂಟೆಯೂ ಓಡುತ್ತದೆ. ಡ್ರೈವಿಂಗ್ ಬಾರದವರಿಗೆ ಇದಕ್ಕಿಂತ ಅನುಕೂಲದ ಊರು ಅಲ್ಲಿ ಇನ್ನೊಂದಿಲ್ಲ. ಫ್ಲಷಿಂಗ್‌ನ ಗಣೇಶನ ಗುಡಿ 1977ರಿಂದ ಇದೆ, ಅದರ ಕ್ಯಾಂಟೀನಿನ ದೋಸೆಗೆ ದೂರದಿಂದ ಜನ ಬರುತ್ತಾರೆ. ನದಿಯಾಚೆಗಿನ ಜೆರ್ಸಿ ಸಿಟಿಯ ನ್ಯೂವಾರ್ಕ್ ಅವೆನ್ಯೂ, ಎಡಿಸನ್ ಕಡೆಯ ಓಕ್ ಟ್ರೀ ರಸ್ತೆಗಳಲ್ಲಿ ಸೀರೆಯಿಂದ ಹಿಡಿದು ಕರಿಬೇವಿನವರೆಗೆ ಎಲ್ಲ ಸಿಗುತ್ತದೆ.

ಆದರೆ ಮನೆ ಪುಟ್ಟದು, ಬಾಡಿಗೆ ದೊಡ್ಡದು. ಎಷ್ಟೋ ಹಳೇ ಕಟ್ಟಡಗಳಲ್ಲಿ ಮನೆಯೊಳಗೆ ವಾಷಿಂಗ್ ಮೆಷಿನ್ ಇರುವುದಿಲ್ಲ, ಬಟ್ಟೆ ಗಂಟು ಹೊತ್ತು ಲಾಂಡ್ರಿಗೆ ಹೋಗಬೇಕು. ಇನ್ನೊಂದು ಮಾತು. ನ್ಯೂಜೆರ್ಸಿಯಲ್ಲೂ ರೈಲು ನಿಲ್ದಾಣದಿಂದ ದೂರ ಮನೆ ಮಾಡಿದರೆ ಮತ್ತೆ ಕಾರೇ ಗತಿ.

ಷಿಕಾಗೊ: ಚಳಿ ತಡೆದರೆ ಊರು ಚೆನ್ನ

1893ರಲ್ಲಿ ವಿವೇಕಾನಂದರು ಭಾಷಣ ಮಾಡಿದ ಊರು ಅಂತ ನಮಗೆಲ್ಲ ಗೊತ್ತು. ಇಲ್ಲಿ ಲೋಕಲ್ ರೈಲು, ಬಸ್ಸು ಎರಡೂ ಇವೆ. ಡೆವಾನ್ ಅವೆನ್ಯೂನಲ್ಲಿ ನಡೆದರೆ ನಮ್ಮೂರಿನ ಪೇಟೆ ಬೀದಿಯ ನೆನಪಾಗುತ್ತದೆ. ಲೆಮಾಂಟ್ ಮತ್ತು ಅರೋರಾದಲ್ಲಿ ದೊಡ್ಡ ದೇವಸ್ಥಾನಗಳಿವೆ. ಆದರೆ ಇವು ನಗರದಿಂದ ದೂರ. ನಮ್ಮವರು ಹೆಚ್ಚಾಗಿರುವ ನೇಪರ್‌ವಿಲ್ ಕೂಡ ಹೊರವಲಯವೇ, ಅಲ್ಲಿ ಕಾರು ಬೇಕೇ ಬೇಕು.

ಇನ್ನು ಚಳಿ. 2019ರ ಜನವರಿ 30ರಂದು ಅಲ್ಲಿ ಮೈನಸ್ 30 ಡಿಗ್ರಿಗಿಂತಲೂ ಕೆಳಗೆ ಇಳಿದಿತ್ತು! ಪ್ರತಿ ವರ್ಷ ಹೀಗಾಗಲ್ಲ ಬಿಡಿ, ಆದರೆ ತಿಂಗಳುಗಟ್ಟಲೆ ಹಿಮ, ಗಾಳಿ ಇದ್ದದ್ದೇ. ಇಲ್ಲಿಂದ ಸ್ವೆಟರ್ ಹೊತ್ತುಕೊಂಡು ಹೋಗಬೇಡಿ, ಅದು ಅಲ್ಲಿಯ ಚಳಿಗೆ ಸಾಲದು. ಕೋಟು, ಬೂಟುಗಳನ್ನು ಅಲ್ಲೇ ಕೊಳ್ಳುವುದು ಒಳ್ಳೆಯದು.

ಡಲ್ಲಾಸ್, ಹ್ಯೂಸ್ಟನ್: ಮನೆ ವಿಶಾಲ, ದಾರಿ ಉದ್ದ

ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ನ್ಯೂಯಾರ್ಕ್‌ನಲ್ಲಿ ಒಂದು ರೂಮಿಗೆ ಕೊಡುವ ಬಾಡಿಗೆಗೆ ಇಲ್ಲಿ ಎಷ್ಟೋ ದೊಡ್ಡ ಮನೆ ಸಿಗುತ್ತದೆ. ಸ್ವಂತ ಮನೆ ಕೊಂಡರೆ ಮಾತ್ರ ಆಸ್ತಿ ತೆರಿಗೆ ಜೋರು. ಅರ್ವಿಂಗ್, ಪ್ಲೇನೊ, ಫ್ರಿಸ್ಕೊಗಳಲ್ಲಿ ನಮ್ಮವರು ಬೇಕಾದಷ್ಟು. ಹ್ಯೂಸ್ಟನ್ ಪಕ್ಕದ ಪರ್ಲೆಂಡ್‌ನಲ್ಲಿ ಮೀನಾಕ್ಷಿ ದೇವಸ್ಥಾನವೂ ಇದೆ.

ಆದರೆ ಹಾಲು ತರೋದಕ್ಕೂ ಕಾರು ಹತ್ತಬೇಕು. ರೈಲು, ಬಸ್ಸು ಇದ್ದರೂ ಎಲ್ಲರ ಮನೆ ಬಾಗಿಲಿಗೆ ಬರೋದಿಲ್ಲ. ಬೇಸಿಗೆಯ ಮಧ್ಯಾಹ್ನ 35 ಡಿಗ್ರಿ ದಾಟಿದ ಬಿಸಿಲಲ್ಲಿ ನಡೆಯೋದೂ ಕಷ್ಟ. ಡ್ರೈವಿಂಗ್ ಬಾರದ ಹೆಣ್ಣುಮಕ್ಕಳಿಗೆ ದೊಡ್ಡ ಮನೆಯೇ ದೊಡ್ಡ ಪಂಜರ ಆಗಿಬಿಡೋದು ಇಂಥ ಊರುಗಳಲ್ಲೇ. ಪ್ರಕೃತಿಯೂ ಒಮ್ಮೊಮ್ಮೆ ಮುನಿಯುತ್ತದೆ. 2017ರಲ್ಲಿ ಹಾರ್ವಿ ಚಂಡಮಾರುತಕ್ಕೆ ಹ್ಯೂಸ್ಟನ್ ಮುಳುಗಿತು. 2021ರ ಫೆಬ್ರವರಿಯ ಹಿಮಗಾಳಿಗೆ ಟೆಕ್ಸಾಸ್‌ನ ಲಕ್ಷಾಂತರ ಮನೆಗಳಲ್ಲಿ ಕರೆಂಟ್ ಹೋಯಿತು. ಒಂದು ವಾರಕ್ಕಾಗುವಷ್ಟು ಕುಡಿಯುವ ನೀರು, ಟಾರ್ಚ್, ಒಣ ತಿಂಡಿ ಮನೆಯಲ್ಲಿ ಇರಲಿ.

ಬೇ ಏರಿಯಾ: ಹವೆ ತಂಪು, ಬಾಡಿಗೆ ಬಿಸಿ

ಸನ್ನಿವೇಲ್, ಫ್ರೀಮಾಂಟ್, ಕ್ಯುಪರ್ಟಿನೊ ಕಡೆ ಹೋದರೆ "ಥೇಟ್ ನಮ್ಮ ಬೆಂಗಳೂರು" ಅನ್ನೋರೇ ಹೆಚ್ಚು. ಹಿಮ ಬೀಳಲ್ಲ, ಸೆಕೆ ಹಿಂಸೆ ಕೊಡಲ್ಲ. ಆದರೆ ಸ್ಯಾನ್ ಫ್ರಾನ್ಸಿಸ್ಕೊ ನೋಡಲು ಜುಲೈನಲ್ಲಿ ಹೋದರೂ ಕೋಟು ಹಿಡಿದಿರಿ, ಅಲ್ಲಿ ಬೇಸಿಗೆಯಲ್ಲೇ ಮಂಜು ಕವಿಯುತ್ತದೆ. ಬಾಡಿಗೆ ಮಾತ್ರ ಇಡೀ ದೇಶದಲ್ಲೇ ಅತಿ ದುಬಾರಿ ಪ್ರದೇಶಗಳಲ್ಲಿ ಒಂದು. ಒಬ್ಬರ ಸಂಬಳದಲ್ಲಿ ಕೈ ಬಿಗಿ ಹಿಡಿದೇ ಬದುಕಬೇಕು. ರೈಲುಗಳಿವೆ, ನಿಲ್ದಾಣದ ಹತ್ತಿರ ಮನೆ ಸಿಕ್ಕರೆ ಅದೃಷ್ಟ.

ಸಿಯಾಟಲ್: ಜಿಟಿಜಿಟಿ ಮಳೆ

ವರ್ಷದ ಒಟ್ಟು ಮಳೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ. ಆದರೆ ಇಲ್ಲಿಯ ಹಾಗೆ ಒಂದೇ ಸಮ ಸುರಿದು ನಿಲ್ಲಲ್ಲ. ಅಕ್ಟೋಬರ್‌ನಿಂದ ಹಿಡಿದರೆ ತಿಂಗಳುಗಟ್ಟಲೆ ತುಂತುರು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಮೊದಲೇ ಸೂರ್ಯ ಮುಳುಗಿಬಿಡುತ್ತಾನೆ, ಒಂಟಿಯಾಗಿರುವವರ ಮನಸ್ಸಿಗೂ ಮಂಕು. ಜೂನ್‌ನಲ್ಲಿ ಇದಕ್ಕೆ ತದ್ವಿರುದ್ಧ, ರಾತ್ರಿ 9ರವರೆಗೂ ಬೆಳಕು! ಬೆಲ್ವ್ಯೂ, ರೆಡ್‌ಮಂಡ್‌ಗಳಿಗೆ 2024ರಲ್ಲಿ ರೈಲು ಬಂದ ಮೇಲೆ ಓಡಾಟ ಸಲೀಸಾಗಿದೆ.

ಹೊರಡುವ ಮುನ್ನ ಇವು ನೆನಪಿರಲಿ

* ವೀಸಾ ಯಾವುದೆಂದು ಕೇಳಿ. ಎಚ್-4 ವೀಸಾದಲ್ಲಿ ಹೋದರೆ ತಾನಾಗಿ ಕೆಲಸದ ಪರವಾನಗಿ ಸಿಗಲ್ಲ. ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ್ದರೆ ಮಾತ್ರ ಅರ್ಜಿ ಹಾಕಬಹುದು. ಈ ಅವಕಾಶ ಬಂದದ್ದು 2015ರಲ್ಲಿ. ಎಲ್-2 ವೀಸಾದ ಹೆಂಡತಿಯರು ಕೆಲಸ ಮಾಡಬಹುದು. ನಿಯಮ ಬದಲಾಗುತ್ತಲೇ ಇರುತ್ತದೆ, ಹೊರಡುವಾಗ ಮತ್ತೆ ವಿಚಾರಿಸಿ. ಎಚ್-4ನಲ್ಲಿ ಓದಲು ಅಡ್ಡಿಯಿಲ್ಲ.

* ಡ್ರೈವಿಂಗ್ ಇಲ್ಲೇ ಕಲಿಯಿರಿ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ಪರೀಕ್ಷೆ ಬೇರೆ, ನಿಯಮಗಳು ರಾಜ್ಯಕ್ಕೊಂದು. ಆದರೂ ಸ್ಟಿಯರಿಂಗ್ ಹಿಡಿಯುವ ಭಯ ಇಲ್ಲೇ ಹೋಗಿರಲಿ.

* ಮನೆ ಹುಡುಕುವಾಗ ನಿಮ್ಮ ಮಾತೂ ನಡೆಯಲಿ. ಆಫೀಸಿಗೆ ಹತ್ತಿರವೇ ಅಂತ ಮಾತ್ರ ನೋಡಬೇಡಿ. ಅಂಗಡಿ, ಪಾರ್ಕ್, ಲೈಬ್ರರಿ ನಡೆದು ಹೋಗುವಷ್ಟು ಹತ್ತಿರ ಇವೆಯೇ? ಸ್ವಲ್ಪ ಪುಟ್ಟ ಮನೆಯಾದರೂ ಪರವಾಗಿಲ್ಲ.

* ಲೈಬ್ರರಿ ಮರೆಯಬೇಡಿ. ಊರಿನ ಸಾರ್ವಜನಿಕ ಲೈಬ್ರರಿಗೆ ಹಣ ಕೊಡಬೇಕಿಲ್ಲ. ಮಕ್ಕಳಿಗೆ ಕಥೆ ಹೇಳುತ್ತಾರೆ, ಅನೇಕ ಕಡೆ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಾರೆ. ಸ್ನೇಹ ಬೆಳೆಯುವುದೂ ಇಲ್ಲೇ.

* ಕನ್ನಡ ಕೂಟ ಹುಡುಕಿ. ನ್ಯೂಜೆರ್ಸಿಯಲ್ಲಿ ಬೃಂದಾವನ, ಷಿಕಾಗೊದಲ್ಲಿ ವಿದ್ಯಾರಣ್ಯ, ಡಲ್ಲಾಸ್‌ನಲ್ಲಿ ಮಲ್ಲಿಗೆ, ಹ್ಯೂಸ್ಟನ್‌ನಲ್ಲಿ ಕನ್ನಡ ವೃಂದ, ಸಿಯಾಟಲ್‌ನಲ್ಲಿ ಸಹ್ಯಾದ್ರಿ. ಯುಗಾದಿ, ರಾಜ್ಯೋತ್ಸವದ ನೆಪದಲ್ಲಿ ನಾಲ್ಕು ಜನ ಪರಿಚಯವಾದರೆ ಅರ್ಧ ಬೇಸರ ಹೋಗುತ್ತದೆ.

* ನಿಮ್ಮ ಪಾಸ್‌ಪೋರ್ಟ್, ವೀಸಾ ಕಾಗದ ನಿಮ್ಮ ಕೈಯಲ್ಲೇ ಇರಲಿ. ಪ್ರತಿಗಳನ್ನು ತವರಿನಲ್ಲೂ ಇಡಿ. ಬ್ಯಾಂಕ್ ಖಾತೆಯಲ್ಲಿ ನಿಮ್ಮ ಹೆಸರೂ ಸೇರಲಿ.

* ಈ ನಂಬರ್‌ಗಳು ಬಾಯಿಗೆ ಬರಲಿ. ತುರ್ತಿಗೆ 911. ಮನೆಯಲ್ಲೇ ಹಿಂಸೆಯಾದರೆ 1-800-799-7233, ಹಗಲು ರಾತ್ರಿ ಕರೆ ಮಾಡಬಹುದು. ನಮ್ಮ ಕಡೆಯ ಹೆಣ್ಣುಮಕ್ಕಳಿಗಾಗಿಯೇ ದುಡಿಯುವ ಸಂಸ್ಥೆಗಳೂ ಇವೆ. ನ್ಯೂಜೆರ್ಸಿಯ ಮಾನವಿ 1985ರಿಂದ, ಬೇ ಏರಿಯಾದ ಮೈತ್ರಿ 1991ರಿಂದ ನಡೆಯುತ್ತಿವೆ. ಅಗತ್ಯ ಬೀಳದಿರಲಿ, ಆದರೆ ಗೊತ್ತಿರಲಿ.

* ಅಮ್ಮನಿಗೆ ಫೋನ್ ಮಾಡುವ ಹೊತ್ತು ಗೊತ್ತು ಮಾಡಿಕೊಳ್ಳಿ. ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಕ್ಯಾಲಿಫೋರ್ನಿಯಾ ಇನ್ನೂ 3 ಗಂಟೆ ಹಿಂದೆ. ನಿಮಗೆ ರಾತ್ರಿ ಊಟ ಮುಗಿಯುವಾಗ ಅಮ್ಮ ಬೆಳಗಿನ ಕಾಫಿ ಕುಡಿದಿರುತ್ತಾರೆ, ಅದೇ ಒಳ್ಳೇ ಸಮಯ.

ಯಾವ ಊರೂ ಪೂರ್ತಿ ಒಳ್ಳೆಯದಲ್ಲ, ಪೂರ್ತಿ ಕೆಟ್ಟದ್ದೂ ಅಲ್ಲ. ಮೊದಲ ಆರು ತಿಂಗಳು ಎಲ್ಲೇ ಹೋದರೂ ಕಷ್ಟವೇ. ಆದರೆ ಹೋಗುವ ಊರು ಎಂಥದು ಅಂತ ಮೊದಲೇ ತಿಳಿದಿದ್ದರೆ ಅರ್ಧ ತಯಾರಿ ಆದ ಹಾಗೆ. ಪುಡಿಗಳ ಡಬ್ಬಿ ಕಟ್ಟುವ ಮೊದಲು ಗಂಡನ ಪಕ್ಕ ಕೂತು, ಮ್ಯಾಪ್ ತೆರೆದು, ಈ ಪ್ರಶ್ನೆಗಳನ್ನೆಲ್ಲ ಕೇಳಿಬಿಡಿ. ಶುಭ ಪ್ರಯಾಣ!