ಮೋಟಾರ ಸೈಕಲ್ಲಿನ ಅಪಘಾತ ಮತ್ತು ವಿಮೆ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಕುಂಭಾರಿ, ವಳಸಂಗಗಳನ್ನು ದಾಟಿ ಸಾಗುವ ಈ ಮಾರ್ಗದಲ್ಲಿ ಗುರುವಾರ ಬಂದಿತೆಂದರೆ ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟ ಭಕ್ತರ ಸಾಲು. ಸುಗ್ಗಿ ಬಂದಿತೆಂದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಇವೆಲ್ಲವುಗಳ ನಡುವೆ ಹಾದಿ ಮಾಡಿಕೊಂಡು ಓಡುವುದು ನಮ್ಮ ಹಳ್ಳಿಗಳಲ್ಲಿ ಫಟಫಟಿ ಎಂದು ಕರೆಯಲ್ಪಡುವ ಮೋಟಾರ ಸೈಕಲ್ಲು. ಇಂದು ಅದು ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ಹೊಲಕ್ಕೆ, ಸಂತೆಗೆ, ಗಿರಣಿಗೆ, ಶಾಲೆಗೆ ಎಲ್ಲಕ್ಕೂ ಅದೇ ಆಧಾರ. ಆದರೆ 2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಮರಣ ಹೊಂದಿದರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನರು ದ್ವಿಚಕ್ರ ವಾಹನದ ಮೇಲೆ ಇದ್ದವರು. ಆದುದರಿಂದ ಈ ವಿಷಯವನ್ನು ಕುರಿತು ವಿದ್ಯಾರ್ಥಿಗಳೂ ಪಾಲಕರೂ ಕೂಡಿ ವಿಚಾರ ಮಾಡುವುದು ಅವಶ್ಯವಾಗಿದೆ.

2023ರ ಚಳಿಗಾಲದಲ್ಲಿ ನಡೆದ ಒಂದು ಪ್ರಸಂಗವನ್ನು ಮೊದಲು ಹೇಳುತ್ತೇನೆ. ನಮ್ಮ ಶಾಲೆಯ ಪಾಲಕರೊಬ್ಬರು ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದ ಮಗನನ್ನು ಹಿಂದೆ ಕೂರಿಸಿಕೊಂಡು ಸಂಜೆಯ ಹೊತ್ತು ಊರಿಗೆ ಮರಳುತ್ತಿದ್ದರು. ನಾಯಿಯೊಂದು ಥಟ್ಟನೆ ಅಡ್ಡ ಬಂದಿತು. ಗಾಡಿ ಉರುಳಿತು. ತಂದೆಯ ಕಾಲು ಮುರಿಯಿತು. ಮಗನ ತೋಳಿನ ಎಲುಬು ಮುರಿಯಿತು. ಮರುದಿನ ನಾನು ಆಸ್ಪತ್ರೆಗೆ ಹೋದಾಗ ಆ ಗೃಹಸ್ಥರು, “ಚಿಂತಿ ಮಾಡಬ್ಯಾಡ್ರಿ ಗುರುಗಳ, ಗಾಡಿದು ವಿಮಾ ಅದರಿ, ಖರ್ಚೆಲ್ಲಾ ಅದರಾಗ ಬರ್ತದ” ಎಂದು ನನಗೇ ಸಮಾಧಾನ ಹೇಳಿದರು. ಅವರ ಕಾಗದವನ್ನು ತರಿಸಿ ಓದಿದೆವು. ವಿಮೆಯ ಅವಧಿ ಮುಗಿದಿರಲಿಲ್ಲ. ಕಂತನ್ನೂ ಸರಿಯಾಗಿ ತುಂಬಿದ್ದರು. ಆದರೂ ತಂದೆಯ ಕಾಲಿಗಾಗಲಿ, ಮಗನ ತೋಳಿಗಾಗಲಿ, ಗಾಡಿಯ ದುರಸ್ತಿಗಾಗಲಿ ಅದರಿಂದ ಒಂದು ರೂಪಾಯಿಯೂ ಬರುವಂತಿರಲಿಲ್ಲ. ಕೊನೆಗೆ ಹಾಲು ಕೊಡುವ ಎಮ್ಮೆಯನ್ನು ಮಾರಿ ಆಸ್ಪತ್ರೆಯ ಲೆಕ್ಕ ತೀರಿಸಬೇಕಾಯಿತು. ಇದರಲ್ಲಿ ಯಾರ ಮೋಸವೂ ಇರಲಿಲ್ಲ. ಕಾಗದವು ಏನು ಹೇಳುತ್ತಿತ್ತೋ ಅದನ್ನು ಯಾರೂ ಓದಿರಲಿಲ್ಲ, ಅಷ್ಟೆ.

ವಾಹನದ ವಿಮೆ ಬೇರೆ, ದೇಹದ ವಿಮೆ ಬೇರೆ. ಈ ಲೇಖನದಲ್ಲಿ ನೆನಪಿಡತಕ್ಕ ಮಾತು ಇದೊಂದೇ. ಉಳಿದುದೆಲ್ಲ ಇದರ ವಿವರಣೆ.

ಯಾವ ವಿಮೆ ಯಾವುದಕ್ಕೆ?

ಮೊದಲನೆಯದು ಮೂರನೆಯ ಪಕ್ಷದ ವಿಮೆ. ಕಾಗದದ ಮೇಲೆ ಇದನ್ನು ‘ಥರ್ಡ್ ಪಾರ್ಟಿ’ ಎಂದು ಬರೆದಿರುತ್ತಾರೆ. ನಮ್ಮ ಗಾಡಿಯಿಂದ ದಾರಿಹೋಕರಿಗೆ ಅಥವಾ ಬೇರೆ ವಾಹನದವರಿಗೆ ಆದ ಹಾನಿಯನ್ನು ಇದು ತುಂಬಿಕೊಡುತ್ತದೆ. ನಮ್ಮ ದೇಶದಲ್ಲಿ ಇದು 1946ರಿಂದಲೂ ಕಡ್ಡಾಯ. ಈಗ ನಡೆಯುತ್ತಿರುವುದು 1988ರ ಮೋಟಾರು ವಾಹನಗಳ ಕಾಯದೆ. 2018ರ ಸೆಪ್ಟೆಂಬರದಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಈ ವಿಮೆಯನ್ನು ಒಮ್ಮೆಗೇ ಕೊಳ್ಳಬೇಕಾಗಿದೆ. ಹಲವರ ಮನೆಯಲ್ಲಿ ಇರುವುದು ಇದೊಂದೇ. ಇದು ಪರರ ರಕ್ಷಣೆಗಾಗಿ ಇರುವುದೇ ಹೊರತು ನಮ್ಮ ರಕ್ಷಣೆಗಲ್ಲ. ನಮ್ಮ ಗಾಡಿಯ ಹಿಂದೆ ಕುಳಿತ ಹೆಂಡತಿ ಮಕ್ಕಳು ಸಹ ಈ ಬರಿಯ ವಿಮೆಯಲ್ಲಿ ‘ಮೂರನೆಯವರು’ ಎನಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ನಿರ್ಣಯಿಸಿದೆ. ತಪ್ಪು ಎದುರಿನ ವಾಹನದ್ದಾಗಿದ್ದರೆ ಮಾತ್ರ ಆ ವಾಹನದ ವಿಮೆಯಿಂದ ಅವರು ಪರಿಹಾರ ಕೇಳಬಹುದು.

ಎರಡನೆಯದು ಸಮಗ್ರ ವಿಮೆ. ಇದರಲ್ಲಿ ನಮ್ಮ ಗಾಡಿಗೆ ಆದ ಹಾನಿ ಹಾಗೂ ಕಳವು ಸೇರುತ್ತವೆ. ಹಿಂದೆ ಕುಳಿತವರ ವಿಷಯದ ಹೊಣೆಯೂ ಸೇರುತ್ತದೆ.

ಮೂರನೆಯದು ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ. ಇದರ ಮೊತ್ತ 15 ಲಕ್ಷ ರೂಪಾಯಿ. ಆದರೆ ಇದು ದೊರೆಯುವುದು ಮರಣಕ್ಕೆ, ಕೈಕಾಲು ಅಥವಾ ಕಣ್ಣು ಕಳೆದುಕೊಂಡುದಕ್ಕೆ, ಇಲ್ಲವೆ ಶಾಶ್ವತವಾದ ಪೂರ್ಣ ಅಂಗವಿಕಲತೆಗೆ. ಮುರಿದು ಮತ್ತೆ ಕೂಡುವ ಎಲುಬಿಗೆ ಅಲ್ಲ. ಮೇಲಾಗಿ ಗಾಡಿಯು ಯಾರ ಹೆಸರಿನಲ್ಲಿದೆಯೋ ಅವರೇ ನಡೆಸುತ್ತಿರಬೇಕು, ಅವರ ಬಳಿ ಲೈಸನ್ಸು ಇರಬೇಕು. ತಂದೆಯ ಹೆಸರಿನ ಗಾಡಿಯನ್ನು ಮಗನು ನಡೆಸಿದರೆ ಮಗನಿಗೆ ಇದು ದಕ್ಕುವುದಿಲ್ಲ. ಹಳೆಯ ಗಾಡಿ ಕೊಂಡವರು ಹದಿನಾಲ್ಕು ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡತಕ್ಕದ್ದು.

ನಾಲ್ಕನೆಯದು ಆಸ್ಪತ್ರೆಯ ವೆಚ್ಚ. ಇದು ಆರೋಗ್ಯ ವಿಮೆಯ ಅಥವಾ ಸರಕಾರಿ ಯೋಜನೆಯ ಕೆಲಸ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆಯುಂಟು. ಅದಕ್ಕೆ ಒಳಪಟ್ಟ ಆಸ್ಪತ್ರೆಗಳಲ್ಲಿ ‘ಆರೋಗ್ಯ ಮಿತ್ರ’ ಎಂಬವರು ಇರುತ್ತಾರೆ, ಅವರನ್ನು ಕೂಡಲೇ ಕಾಣಬೇಕು. ಇದಲ್ಲದೆ 2025ರ ಮೇ 5ರಂದು ಕೇಂದ್ರ ಸರಕಾರವು ಇನ್ನೊಂದು ಯೋಜನೆಯನ್ನು ಜಾರಿಗೆ ತಂದಿದೆ. ಅದರಂತೆ ರಸ್ತೆಯ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ಹಣ ಕಟ್ಟದೆ ಚಿಕಿತ್ಸೆ ದೊರೆಯುತ್ತದೆ. ಮೇಲೆ ಹೇಳಿದ ಕುಟುಂಬಕ್ಕೆ ಈ ಸೌಕರ್ಯ ಆಗ ಇರಲಿಲ್ಲ. ಇಂದು ಇದೆ, ಆದರೆ ಕೇಳಿದವರಿಗೆ ಮಾತ್ರ.

ಮೊದಲ ತಾಸು

ಅಪಘಾತವಾದ ಕೂಡಲೇ 108ಕ್ಕೆ ಫೋನು ಮಾಡಬೇಕು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು. ಕುತ್ತಿಗೆ ಬೆನ್ನುಗಳಿಗೆ ಪೆಟ್ಟಾಗಿರಬಹುದಾದ್ದರಿಂದ ಎತ್ತಿ ಎಳೆದಾಡಬಾರದು. ರಕ್ತ ಹರಿಯುತ್ತಿದ್ದರೆ ಸ್ವಚ್ಛವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಗಾಯಾಳುವಿಗೆ ನೆರವಾದವರನ್ನು ಪೋಲೀಸರಾಗಲಿ ಆಸ್ಪತ್ರೆಯವರಾಗಲಿ ಪೀಡಿಸಕೂಡದೆಂದು 2019ರ ತಿದ್ದುಪಡಿಯು ರಕ್ಷಣೆ ಕೊಟ್ಟಿದೆ. ಆದುದರಿಂದ ದಾರಿಹೋಕರು ಹಿಂಜರಿಯಬೇಕಾದ ಕಾರಣವಿಲ್ಲ. ತಲೆಗೆ ಪೆಟ್ಟು ಬಿದ್ದವನು ಎದ್ದು ನಡೆದಾಡಿದರೂ ವೈದ್ಯರಿಗೆ ತೋರಿಸಲೇಬೇಕು. ಮುಂದಿನ ಒಂದೆರಡು ದಿನ ವಾಂತಿ, ಅತಿಯಾದ ಮಂಪರು, ಮಾತಿನಲ್ಲಿ ಗೊಂದಲ ಕಂಡುಬಂದರೆ ತಡಮಾಡದೆ ಮತ್ತೆ ಆಸ್ಪತ್ರೆಗೆ ಒಯ್ಯಬೇಕು.

ಇದಾದ ಮೇಲೆ ಕಾಗದದ ಕೆಲಸ. ಬಿದ್ದ ಸ್ಥಳ, ಗಾಡಿಗಳ ಸ್ಥಿತಿ, ಎದುರಿನ ವಾಹನದ ಸಂಖ್ಯೆ ಇವುಗಳ ಛಾಯಾಚಿತ್ರಗಳನ್ನು ತೆಗೆದಿಡಬೇಕು. ಕಂಡವರ ಹೆಸರು, ಊರು ಬರೆದುಕೊಳ್ಳಬೇಕು. ಪೋಲೀಸ ಠಾಣೆಗೆ ಇಪ್ಪತ್ತನಾಲ್ಕು ತಾಸುಗಳೊಳಗೆ ಸುದ್ದಿ ಮುಟ್ಟಿಸಬೇಕು. ವಿಮಾ ಕಂಪನಿಗೂ ಕೂಡಲೇ ತಿಳಿಸಬೇಕು. “ಪೋಲೀಸರ ಗೊಡವೆ ಯಾಕೆ, ಇಲ್ಲಿಯೇ ಬಗೆಹರಿಸಿಕೊಳ್ಳೋಣ” ಎಂದು ಎದುರಿನವರು ಐದು ಸಾವಿರ ಕೈಯಲ್ಲಿಟ್ಟರೆ ಅನೇಕರು ಒಪ್ಪಿಬಿಡುತ್ತಾರೆ. ಒಳಗಿನ ಪೆಟ್ಟು ಮೂರು ದಿನಗಳ ನಂತರ ತಿಳಿದಾಗ ಅಪಘಾತವಾಯಿತೆಂಬುದಕ್ಕೇ ಆಧಾರ ಉಳಿದಿರುವುದಿಲ್ಲ.

ಗಾಡಿಯ ದುರಸ್ತಿಯಲ್ಲಿಯೂ ಆತುರ ಸಲ್ಲದು. ವಿಮಾ ಕಂಪನಿಯ ಪರಿಶೀಲಕರು, ಅಂದರೆ ಸರ್ವೇಯರರು, ನೋಡುವ ಮೊದಲು ಗಾಡಿಯನ್ನು ಬಿಚ್ಚಿಸಬಾರದು. ಪ್ಲಾಸ್ಟಿಕ್ಕಿನ ಮತ್ತು ರಬ್ಬರಿನ ಭಾಗಗಳಿಗೆ ಸಾಮಾನ್ಯ ಸಮಗ್ರ ವಿಮೆಯಲ್ಲಿ ಅರ್ಧ ಬೆಲೆಯೇ ದೊರೆಯುತ್ತದೆ. ಆದುದರಿಂದ ಬಿಲ್ಲಿನ ಪೂರ್ಣ ಮೊತ್ತ ಬರಲಿಲ್ಲವೆಂದು ಗಾಬರಿಯಾಗಬೇಕಾಗಿಲ್ಲ.

ಪರಿಹಾರದ ಲೆಕ್ಕ

ಬೇರೆ ವಾಹನದ ತಪ್ಪಿನಿಂದ ಗಾಯವಾದರೆ ಅಥವಾ ಮರಣವಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. 2022ರ ಏಪ್ರಿಲ್ 1ರಿಂದ ಇದಕ್ಕೆ ಆರು ತಿಂಗಳ ಅವಧಿಯನ್ನು ಕಾಯದೆಯು ಹೇಳಿದೆ. ಅದರೊಳಗೆ ಸಲ್ಲಿಸುವುದೇ ಕ್ಷೇಮ. ಗುದ್ದಿದ ವಾಹನ ಯಾವುದೆಂದೇ ತಿಳಿಯದೆ ಹೋದರೂ ನಿರಾಶರಾಗಬೇಕಾಗಿಲ್ಲ. ಅಂಥ ಪ್ರಸಂಗದಲ್ಲಿ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಯೋಜನೆಯುಂಟು.

ನ್ಯಾಯಮಂಡಳಿಯು ಲೆಕ್ಕ ಹಾಕುವ ರೀತಿಯನ್ನು ಮೇಲಿನ ಇಯತ್ತೆಗಳ ವಿದ್ಯಾರ್ಥಿಗಳು ಒಂದು ಉದಾಹರಣೆಯಿಂದ ತಿಳಿಯಬಹುದು. ತಿಂಗಳಿಗೆ 12,000 ರೂಪಾಯಿ ಗಳಿಸುವ, 42 ವಯಸ್ಸಿನ, ಸ್ವಂತ ಉದ್ಯೋಗದ ಗೃಹಸ್ಥನೊಬ್ಬನು ತೀರಿಕೊಂಡನೆಂದು ಭಾವಿಸೋಣ. ಆತನಿಗೆ ಹೆಂಡತಿ ಮತ್ತು ಇಬ್ಬರು ಮಕ್ಕಳು. ವರ್ಷದ ಗಳಿಕೆ 1,44,000. ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಯೆಂದು ನೂರಕ್ಕೆ 25 ಕೂಡಿಸಿದರೆ 1,80,000. ಆತನ ಸ್ವಂತ ಖರ್ಚೆಂದು ಮೂರನೆಯ ಒಂದು ಪಾಲು ಕಳೆದರೆ 1,20,000. ಆ ವಯಸ್ಸಿಗೆ ಗೊತ್ತಾದ ಗುಣಕ 14. ಗುಣಿಸಿದರೆ 16,80,000 ರೂಪಾಯಿ. ಇದಕ್ಕೆ ಅಂತ್ಯಕ್ರಿಯೆ ಮೊದಲಾದವುಗಳ ಮೊತ್ತ ಬೇರೆ. ಈ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು 2009 ಮತ್ತು 2017ರ ತೀರ್ಪುಗಳಲ್ಲಿ ಸ್ಥಿರಪಡಿಸಿದೆ. ಹೋದ ಜೀವಕ್ಕೆ ಬೆಲೆ ಕಟ್ಟುವ ಲೆಕ್ಕವಲ್ಲ ಇದು. ಉಳಿದವರ ಅನ್ನದ ಲೆಕ್ಕ. ಗಳಿಕೆಗೆ ಆಧಾರ ತೋರಿಸದಿದ್ದರೆ ಮೊದಲಿನ 12,000 ಎಂಬ ಅಂಕಿಯೇ ಕುಗ್ಗುತ್ತದೆ, ಅದರೊಂದಿಗೆ ಉಳಿದೆಲ್ಲ ಅಂಕಿಗಳೂ ಕುಗ್ಗುತ್ತವೆ. ಆದುದರಿಂದ ಸಂಬಳದ ಚೀಟಿ, ಬ್ಯಾಂಕಿನ ಪುಸ್ತಕ, ಮಾಲು ಮಾರಿದ ಪಟ್ಟಿ ಇವನ್ನು ಜೋಪಾನ ಮಾಡಬೇಕು.

ಗಡಿಯಾಚೆ ಅಪಘಾತವಾದರೆ

ನಮ್ಮ ಜನರ ಬೀಗತನ, ವ್ಯಾಪಾರ, ಯಾತ್ರೆಗಳೆಲ್ಲ ಗಡಿಯ ಎರಡೂ ಕಡೆಗೆ ಹರಡಿವೆ. ಗಾಣಗಾಪುರಕ್ಕೆ, ಕಲಬುರಗಿಗೆ, ವಿಜಯಪುರಕ್ಕೆ ಹೋಗಿಬರುವವರು ದಿನಾಲು ಇದ್ದಾರೆ. ಅಲ್ಲಿ ಅಪಘಾತವಾದರೆ ಅಲ್ಲಿಯ ಕೋರ್ಟಿಗೇ ಅಲೆಯಬೇಕೆಂದು ಹಲವರು ತಿಳಿದು ಹಕ್ಕನ್ನೇ ಬಿಟ್ಟುಬಿಡುತ್ತಾರೆ. ಅದು ತಪ್ಪು ತಿಳಿವಳಿಕೆ. ಅರ್ಜಿದಾರನು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೂ ಅರ್ಜಿ ಕೊಡಲು ಕಾಯದೆಯು ಅನುಮತಿ ಕೊಟ್ಟಿದೆ. ಅಂದರೆ ಅಫಜಲಪುರದ ಹತ್ತಿರ ಬಿದ್ದ ಅಕ್ಕಲಕೋಟೆ ತಾಲೂಕಿನವನು ತನ್ನ ಜಿಲ್ಲೆಯಲ್ಲಿಯೇ ನ್ಯಾಯ ಕೇಳಬಹುದು. ಆಗ ಆಚೆಯ ಠಾಣೆಯ ವರದಿಯೂ ಪಂಚನಾಮೆಯೂ ಕನ್ನಡದಲ್ಲಿರುತ್ತವೆ, ಈಚೆಯ ಕಚೇರಿಯ ಪತ್ರಗಳು ಮರಾಠಿಯಲ್ಲಿರುತ್ತವೆ, ವಿಮೆಯ ಪಾಲಿಸಿಯು ಇಂಗ್ಲಿಷಿನಲ್ಲಿರುತ್ತದೆ. ಈ ಮೂರನ್ನೂ ಓದಬಲ್ಲವರು ಮನೆಯಲ್ಲಿ ಯಾರು? ನಮ್ಮ ಶಾಲೆಯ ಮಕ್ಕಳೇ ಅಲ್ಲವೆ! ಕನ್ನಡ ಶಾಲೆಯಲ್ಲಿ ಕಲಿತು ಏನು ಪ್ರಯೋಜನವೆಂದು ಕೇಳುವವರಿಗೆ ಇದೂ ಒಂದು ಉತ್ತರ.

ಚೇತರಿಕೆಯ ದಿನಗಳು

ಎಲುಬು ಕೂಡಲು ವಾರಗಳು ಬೇಕು. ಬಲ ಮರಳಲು ತಿಂಗಳುಗಳು ಬೇಕು. ಪ್ಲಾಸ್ಟರು ತೆಗೆದ ದಿನವೇ ಗಾಡಿ ಹತ್ತುವುದು ಶೌರ್ಯವಲ್ಲ. ವೈದ್ಯರು ಹೇಳಿದ ವ್ಯಾಯಾಮವನ್ನು ನೋವಾದರೂ ನಿಯಮದಿಂದ ಮಾಡಬೇಕು; ಇಲ್ಲವಾದರೆ ಕೀಲುಗಳು ಬಿಗಿದುಕೊಳ್ಳುತ್ತವೆ. ಈ ಕಾಲದಲ್ಲಿ ಔಷಧದ ಪ್ರತಿಯೊಂದು ಚೀಟಿಯನ್ನೂ, ಎಕ್ಸ್-ರೇ ಹಾಗೂ ಡಿಸ್ಚಾರ್ಜ್ ಕಾಗದಗಳನ್ನೂ ದಿನಾಂಕದ ಕ್ರಮದಲ್ಲಿ ಒಂದು ಕಡತದಲ್ಲಿ ಇಡಬೇಕು. ಊನವು ಉಳಿದರೆ ಸರಕಾರಿ ಆಸ್ಪತ್ರೆಯಿಂದ ಪ್ರಮಾಣಪತ್ರ ಪಡೆಯಬೇಕು. ಚಿಕಿತ್ಸೆ ಮುಗಿಯುವ ಮೊದಲು “ಎಲ್ಲ ಹಣ ಮುಟ್ಟಿತು” ಎಂಬ ಕಾಗದಕ್ಕೆ ಸಹಿ ಹಾಕಕೂಡದು.

ಬಡವರಿಗೆ ಸುಲಭವಾದ ಬೇರೆ ಆಸರೆಗಳೂ ಉಂಟು. ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ವಿಮಾ ಯೋಜನೆಯಲ್ಲಿ ಅಪಘಾತದ ಮರಣಕ್ಕೆ 2 ಲಕ್ಷ ದೊರೆಯುತ್ತದೆ. ರೈತ ಕುಟುಂಬಗಳಿಗೆ ಗೋಪೀನಾಥ ಮುಂಡೆಯವರ ಹೆಸರಿನ ಅನುದಾನ ಯೋಜನೆಯಿದೆ. ಅದರ ಅರ್ಜಿ ತಾಲೂಕಾ ಕೃಷಿ ಅಧಿಕಾರಿಗಳಲ್ಲಿ. ವಿದ್ಯಾರ್ಥಿಗಳಿಗೆ ರಾಜೀವ ಗಾಂಧಿಯವರ ಹೆಸರಿನ ಅಪಘಾತ ಅನುದಾನ ಯೋಜನೆಯಿದೆ. ಅದರ ಪ್ರಸ್ತಾವವು ಶಾಲೆಯ ಮೂಲಕ ಹೋಗತಕ್ಕದ್ದು. ಆದುದರಿಂದ ಮಗುವಿಗೆ ಅಪಘಾತವಾದರೆ ಪಾಲಕರು ಸಂಕೋಚಪಡದೆ ಶಾಲೆಗೆ ತಿಳಿಸಬೇಕು.

ನಮ್ಮ ವಿಮಾ ಕಂಪನಿಯು ನ್ಯಾಯವಾದ ಬೇಡಿಕೆಯನ್ನು ತಳ್ಳಿಹಾಕಿದರೆ ಮೊದಲು ಅದಕ್ಕೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಸಮಾಧಾನವಾಗದಿದ್ದರೆ ಪುಣೆಯಲ್ಲಿರುವ ವಿಮಾ ಲೋಕಪಾಲರಿಗೆ ಬರೆಯಬಹುದು; ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನ್ಯಾಯಮಂಡಳಿಯ ಕೆಲಸಕ್ಕೆ ವಕೀಲರನ್ನು ಇಡುವ ಶಕ್ತಿಯಿಲ್ಲದವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವನ್ನು ಕೇಳಬಹುದು.

ಪಾಲಕರಲ್ಲಿ ಒಂದು ವಿನಂತಿ

ಹದಿನಾಲ್ಕು ಹದಿನೈದರ ಹುಡುಗರು ಗಾಡಿ ನಡೆಸುವುದನ್ನು ಕಂಡು ಹೆಮ್ಮೆಪಡುವ ತಂದೆಗಳನ್ನು ನಾನು ಬಲ್ಲೆ. ಅಪ್ರಾಪ್ತ ವಯಸ್ಸಿನವನು ಗಾಡಿ ನಡೆಸಿ ಅಪರಾಧವಾದರೆ ಪಾಲಕನಿಗೆ ಅಥವಾ ಮಾಲೀಕನಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗೆ ಸೆರೆವಾಸವನ್ನು ಕಾಯದೆಯು ಹೇಳಿದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸು ಸಿಗುವುದಿಲ್ಲ. ಇದಕ್ಕಿಂತಲೂ ಭಾರವಾದ ಮಾತು ಇನ್ನೊಂದು. ಲೈಸನ್ಸಿಲ್ಲದವನಿಂದ ಪರರಿಗೆ ಹಾನಿಯಾದರೆ ವಿಮಾ ಕಂಪನಿಯು ನೊಂದವರಿಗೆ ಹಣ ಕೊಟ್ಟು, ಅದನ್ನು ಗಾಡಿಯ ಮಾಲೀಕನಿಂದ ತಿರುಗಿ ವಸೂಲು ಮಾಡಬಹುದು. ಆಗ ಹೋಗುವುದು ಎಮ್ಮೆಯಲ್ಲ, ಹೊಲ.

ಹೆಲ್ಮೆಟ್ಟಿನ ವಿಷಯವನ್ನು ಬೇರೆ ಹೇಳಬೇಕಾಗಿಲ್ಲ. ಅದು ತಲೆಯ ಪೆಟ್ಟಿನ ಭಯವನ್ನು ನೂರಕ್ಕೆ ಸುಮಾರು 69ರಷ್ಟು ತಗ್ಗಿಸುತ್ತದೆಂದು ಸಂಶೋಧಕರು ಕಂಡಿದ್ದಾರೆ. ಹಿಂದೆ ಕೂರುವ ಮಗುವಿಗೂ ಅದು ಬೇಕು.

ಕೊನೆಗೆ ವಿದ್ಯಾರ್ಥಿ ಮಿತ್ರರಿಗೆ ಒಂದು ಮನೆಗೆಲಸ. ಇಂದು ರಾತ್ರಿ ಊಟವಾದ ಮೇಲೆ ಮನೆಯ ಗಾಡಿಯ ವಿಮಾ ಕಾಗದವನ್ನು ತೆಗೆಯಿಸಿ ತಂದೆತಾಯಿಗಳ ಮುಂದೆ ಓದಿರಿ. ಅವಧಿ ಎಂದಿಗೆ ಮುಗಿಯುತ್ತದೆ? ವಿಮೆ ಯಾರ ಹೆಸರಿನಲ್ಲಿದೆ? ಅದು ಮೂರನೆಯ ಪಕ್ಷದ್ದೋ ಸಮಗ್ರವೋ? 15 ಲಕ್ಷದ ವೈಯಕ್ತಿಕ ವಿಮೆ ಅದರಲ್ಲಿ ಸೇರಿದೆಯೋ ಇಲ್ಲವೋ? ಈ ನಾಲ್ಕು ಪ್ರಶ್ನೆಗಳ ಉತ್ತರವನ್ನು ಬರೆದು ಕಾಗದದ ಜೊತೆಗೆ ಇಡಿರಿ. ಆ ಹುಡುಗನ ತೋಳು ಈಗ ಸಂಪೂರ್ಣ ಗುಣವಾಗಿದೆ. ಅವನ ತಂದೆಯು ಹೊಸ ಕಾಗದವನ್ನು ಮಾಡಿಸಿದಾಗ ಅದನ್ನು ಓದಿ ಹೇಳಿದವನು ಆ ಹುಡುಗನೇ.