ಎಚ್‌ಪಿ ಏರಿಸಿದವರು ಬಿಸಿಯ ಲೆಕ್ಕವನ್ನೂ ಹಾಕಬೇಕು

ಇವತ್ತು ರಾಜಕೀಯ ಇಲ್ಲ, ಚರ್ಚೆ ಇಲ್ಲ, ಕಿರುಚಾಟ ಅಂತೂ ಇಲ್ಲವೇ ಇಲ್ಲ. ಇವತ್ತಿನ ವಿಷಯ ರೇಡಿಯೇಟರ್. ನಗಬೇಡಿ. ಓದಿದ್ದು ಇಂಜಿನಿಯರಿಂಗ್, ಮಾಡ್ತಿರೋದು ಆ್ಯಂಕರಿಂಗ್. ವರ್ಷಕ್ಕೆ ಒಂದು ಸಲವಾದರೂ ಆ ಡಿಗ್ರಿಯ ಋಣ ತೀರಿಸಬೇಕಲ್ಲ!

ಹಿರೇಕೆರೂರು ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ತಗೊಂಡಿದ್ದಾನೆ. ಕಂಪನಿ ಕೊಟ್ಟಿದ್ದು 110 ಎಚ್‌ಪಿ. ಇವನು ರೀಮ್ಯಾಪ್ ಮಾಡಿಸಿ 160ಕ್ಕೆ ಏರಿಸಿದ್ದಾನೆ. "ಅಣ್ಣಾ, ಕುಮಟಾದಿಂದ ಬರೋವಾಗ ದೇವಿಮನೆ ಘಾಟ್‌ನ್ಯಾಗ ಗಾಡಿ ಕಾದು ನಿಂತ್‌ಬಿಟ್ತರಿ. ದೊಡ್ಡ ರೇಡಿಯೇಟರ್ ಹಾಕ್ಸು ಅಂತಾರ. ಡಬಲ್ ಕೋರ್ ಹಾಕ್ಸಲೇನ್ರಿ?" ಅಂತ ಕೇಳಿದ.

ಈ ಪ್ರಶ್ನೆ ಇವನೊಬ್ಬನದ್ದಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಲ್ಲಿ ಹೋದರೂ ಈಗ ಇಂಥ ಗಾಡಿ ಒಂದೆರಡು ಸಿಗ್ತವೆ. ಪವರ್ ಹೆಚ್ಚಿಸೋಕೆ ಒಂದು ಲ್ಯಾಪ್‌ಟಾಪ್ ಸಾಕು. ಆದರೆ ಆ ಪವರ್ ಜೊತೆ ಹುಟ್ಟೋ ಬಿಸಿಯನ್ನು ಯಾವ ಲ್ಯಾಪ್‌ಟಾಪೂ ಹೊರಗೆ ಹಾಕಲ್ಲ.

ಮೊದಲು ಲೆಕ್ಕ ನೋಡೋಣ. ಇಂಜಿನ್‌ನಲ್ಲಿ ಸುಟ್ಟ ಇಂಧನದ ಶಕ್ತಿಯಲ್ಲಿ ಅಂದಾಜು ಮೂರನೇ ಒಂದು ಭಾಗ ಕೆಲಸಕ್ಕೆ ಬರುತ್ತೆ. ಇನ್ನೊಂದು ಭಾಗ ಸೈಲೆನ್ಸರ್‌ನಿಂದ ಹೊಗೆಯ ಜೊತೆ ಹೋಗುತ್ತೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕೂಲಂಟ್‌ಗೆ. ಅಂದರೆ ದಪ್ಪ ಲೆಕ್ಕದಲ್ಲಿ, ಚಕ್ರಕ್ಕೆ ಎಷ್ಟು ಶಕ್ತಿಯೋ ಹೆಚ್ಚು ಕಡಿಮೆ ಅಷ್ಟೇ ಬಿಸಿ ರೇಡಿಯೇಟರ್‌ಗೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್. 110 ಎಚ್‌ಪಿ ಅಂದರೆ 82 ಕಿಲೋವ್ಯಾಟ್. 160 ಅಂದರೆ ಸುಮಾರು 120. ನಿಮ್ಮ ಬಚ್ಚಲುಮನೆ ಗೀಸರ್ 2 ಕಿಲೋವ್ಯಾಟ್ ಅಂದ್ಕೊಳ್ಳಿ. ಮೊದಲು 40 ಗೀಸರ್‌ನ ಬಿಸಿ ಹೊರಗೆ ಹಾಕ್ತಿದ್ದ ಪೆಟ್ಟಿಗೆಗೆ ಈಗ 60 ಗೀಸರ್‌ನ ಕೆಲಸ!

ಆದರೆ ಇಲ್ಲೇ ಒಂದು ತಿರುವು ಇದೆ. ಈ ಲೆಕ್ಕ ಆ್ಯಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ. ಶಿಗ್ಗಾಂವಿಯಿಂದ ಹಾವೇರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಒಂದೇ ಸಮ ವೇಗದಲ್ಲಿ ಹೊರಟಿದ್ದೀರಿ ಅನ್ನಿ. ಆಗ ಬೇಕಾಗೋದು ಇದರ ಸಣ್ಣ ಪಾಲು. ಗಾಡಿ 110 ಇರಲಿ, 160 ಇರಲಿ, ರೇಡಿಯೇಟರ್‌ಗೆ ವ್ಯತ್ಯಾಸವೇ ಗೊತ್ತಾಗಲ್ಲ. ಅದಕ್ಕೆ ಗೊತ್ತಾಗೋದು ಒಂದೇ: ನಿಮ್ಮ ಕಾಲು ಎಷ್ಟು ಜೋರಾಗಿ, ಎಷ್ಟು ಹೊತ್ತು ಒತ್ತಿದೆ ಅನ್ನೋದು. ಘಾಟ್‌ನಲ್ಲಿ ಕಾಲು ಪೂರ್ತಿ ಒಳಗೆ, ವೇಗ ಕಡಿಮೆ, ಎದುರುಗಾಳಿಯೂ ಕಡಿಮೆ. ಮೂರೂ ಕಷ್ಟ ಒಟ್ಟಿಗೇ ಬರ್ತವೆ.

ಹಾಗಾದ್ರೆ ದುಡ್ಡು ಖರ್ಚು ಮಾಡೋ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ರೇಡಿಯೇಟರ್?" ಅಲ್ಲ. "ಗಾಡಿ ಯಾವಾಗ ಕಾಯುತ್ತೆ?" ಅನ್ನೋದು. ನಿಂತಾಗ, ಸಂತೆ ದಿನದ ಜನಜಂಗುಳಿಯಲ್ಲಿ ಮಾತ್ರ ಕಾದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಕಾದರೆ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ನೀರಿನ ಹರಿವು ಕಡಿಮೆ ಆಗಿದೆ. ಕೂಲಂಟ್ ಟ್ಯಾಂಕ್‌ನಲ್ಲಿ ಗುಳ್ಳೆ ಏಳ್ತಿದ್ದು, ಸೋರಿಕೆ ಕಾಣದೇ ಕೂಲಂಟ್ ಕಡಿಮೆ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ಅದಕ್ಕೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಪ್ರಯೋಜನ ಇಲ್ಲ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಮುಂದಿನ ಬಂಪರ್ ಬಿಚ್ಚಿಸಿ ನೋಡು. ಮೂರು ದಿನ ಬಿಟ್ಟು ಫೋಟೋ ಕಳಿಸಿದ. ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಗೋವಿನಜೋಳದ ಹೊಟ್ಟು! ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಒಣಗಿಸಿದ ಗೋವಿನಜೋಳದ ಪಕ್ಕದಲ್ಲೇ ಓಡಾಟ, ಒಕ್ಕಣೆ ಯಂತ್ರದ ಪಕ್ಕದಲ್ಲೇ ಪಾರ್ಕಿಂಗ್. ನಮ್ಮೂರ ಟ್ರ್ಯಾಕ್ಟರ್ ಮಿಸ್ತ್ರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವರು ಜಾಲರಿ ತೆಗೆದು, ಇಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆದು ಹೊಟ್ಟು ಉದುರಿಸ್ತಾರೆ. ಕಾರಿನವರು ಮಾತ್ರ ಬಾಡಿ ತೊಳೆದು, ಪಾಲಿಷ್ ಹಾಕಿ ಸುಮ್ಮನಾಗ್ತೀವಿ.

ಸ್ವಚ್ಛ ಮಾಡಿದ ಮೇಲೆ ಕಾಯೋದು ಬಹಳ ಕಡಿಮೆ ಆಯ್ತು. ಘಾಟ್‌ನಲ್ಲಿ ಮಾತ್ರ ಮುಳ್ಳು ಇನ್ನೂ ಸ್ವಲ್ಪ ಏರ್ತಿತ್ತು. ಈಗ ರೇಡಿಯೇಟರ್ ಆಯ್ಕೆಯ ಮಾತಿಗೆ ಅರ್ಥ ಬಂತು.

ಗಮನಿಸಿ, ಮೊದಲ ಸಂಗತಿ: ದಪ್ಪಕ್ಕಿಂತ ಅಗಲ ಮುಖ್ಯ. ಗಾಳಿ ಮುಂದಿನ ಸಾಲು ದಾಟುವಾಗಲೇ ಬಿಸಿ ಆಗಿರುತ್ತೆ. ಹಿಂದಿನ ಸಾಲಿಗೆ ಸಿಗೋದು ಆ ಬಿಸಿ ಗಾಳಿಯೇ. ದಪ್ಪ ದುಪ್ಪಟ್ಟಾದರೆ ತಂಪು ದುಪ್ಪಟ್ಟಾಗಲ್ಲ. ಮೇಲಾಗಿ ಗಾಳಿ ನುಗ್ಗೋದೇ ಕಷ್ಟ ಆಗಿ, ಹಳೇ ಫ್ಯಾನ್ ಸೋತುಹೋಗುತ್ತೆ. ಬಂಪರ್ ಹಿಂದೆ ಜಾಗ ಇದ್ದಷ್ಟು ಅಗಲದ ಕೋರ್ ಹಾಕಿ. ಉಳಿದದ್ದಕ್ಕೆ ಸ್ವಲ್ಪ ದಪ್ಪ ಸಾಕು.

ಎರಡನೇದು ಫಿನ್. ಒತ್ತೊತ್ತಾಗಿದ್ದಷ್ಟು ಒಳ್ಳೇದು ಅಂತ ಮಾರಾಟಗಾರರು ಹೇಳ್ತಾರೆ. ರೇಸ್ ಟ್ರ್ಯಾಕ್‌ನಲ್ಲಿ ಇರಬಹುದು. ಹೊಟ್ಟು, ಧೂಳು, ಹತ್ತಿಯ ಎಳೆ ಹಾರಾಡೋ ನಮ್ಮ ರಸ್ತೆಗೆ ಸ್ವಲ್ಪ ಬಿಡಿಬಿಡಿಯಾಗಿರೋ ಫಿನ್ನೇ ವಾಸಿ. ತೊಳೆಯೋಕೂ ಬರುತ್ತೆ.

ಮೂರನೇದು ಲೋಹ. ತಾಮ್ರ ಅಲ್ಯೂಮಿನಿಯಂಗಿಂತ ಚೆನ್ನಾಗಿ ಬಿಸಿ ಸಾಗಿಸುತ್ತೆ, ನಿಜ. ಆದರೂ ಇವತ್ತಿನ ಕಾರುಗಳಲ್ಲಿ ಅಲ್ಯೂಮಿನಿಯಂ ಯಾಕೆ? ಹಗುರ, ಗಟ್ಟಿ. ಅಗಲವಾದ ಕೊಳವೆ ಮಾಡಬಹುದು, ಫಿನ್ ಜೊತೆ ಚೆನ್ನಾಗಿ ಬೆಸೆಯಬಹುದು. ಟರ್ಬೊ ಗಾಡಿಗೆ ಪ್ಲಾಸ್ಟಿಕ್ ಟ್ಯಾಂಕ್ ಬದಲು ಪೂರ್ತಿ ಅಲ್ಯೂಮಿನಿಯಂ ಆದರೆ ಬಾಳಿಕೆ ಹೆಚ್ಚು. ವೆಲ್ಡಿಂಗ್ ಅಚ್ಚುಕಟ್ಟಾಗಿದೆಯಾ, ಮೂಲ ಬ್ರಾಕೆಟ್‌ಗೇ ಕೂರುತ್ತಾ ನೋಡಿ. ತಂತಿ ಕಟ್ಟಿ ಕೂರಿಸಿದ ರೇಡಿಯೇಟರ್ ನಮ್ಮ ಹಳ್ಳಿ ರಸ್ತೆಯ ಕುಲುಕಾಟಕ್ಕೆ ಬಿರುಕು ಬಿಡುತ್ತೆ.

ನಾಲ್ಕನೇದು, ಎಲ್ಲರೂ ಮರೆಯೋದು: ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ. ಹೊಸ ರೇಡಿಯೇಟರ್ ಕೂರಿಸೋಕೆ ಜಾಗ ಇಲ್ಲ ಅಂತ ಅದನ್ನೇ ಕಿತ್ತು ಬಿಸಾಡ್ತಾರೆ. ಆಗ ಫ್ಯಾನ್ ಗಾಳಿ ಎಳೆಯೋದು ತನ್ನ ಎದುರಿನ ಒಂದಿಷ್ಟು ಭಾಗದಿಂದ ಮಾತ್ರ. ದೊಡ್ಡ ಕೋರ್ ಇದ್ದೂ ಅರ್ಧಕ್ಕೆ ಕೆಲಸ ಇಲ್ಲ.

ಇನ್ನು ಎರಡು ತಪ್ಪು ಮಾಡಬೇಡಿ. ಒಂದು, ಥರ್ಮೋಸ್ಟಾಟ್ ಕಿತ್ತು ಹಾಕಿಸೋದು. ಇಂಜಿನ್ ಸರಿಯಾದ ಬಿಸಿಗೆ ಬರದೇ ಸವೆಯುತ್ತೆ, ಇಂಧನ ಹೆಚ್ಚು ಕುಡಿಯುತ್ತೆ. ಇನ್ನೊಂದು, ಬೋರ್‌ವೆಲ್ ನೀರು ಸುರಿಯೋದು. ಸ್ನಾನದ ಹಂಡೆ ಒಳಗೆ ಬಿಳಿ ಪದರ ಕಟ್ಟೋದು ನೋಡಿದ್ದೀರಲ್ಲ? ಅದೇ ಪದರ ಕೂದಲಿನಂಥ ಸಂದಿಯಲ್ಲೂ ಕಟ್ಟುತ್ತೆ. ಡಿಸ್ಟಿಲ್ಡ್ ವಾಟರ್ ಜೊತೆ ಕಂಪನಿ ಹೇಳಿದ ಕೂಲಂಟ್ ಮಾತ್ರ ಬಳಸಿ.

ಈಗ ನಿಜವಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು. ರೇಡಿಯೇಟರ್ ಕ್ಯಾಪ್ ಅಂದರೆ ಕುಕ್ಕರ್‌ನ ಸೀಟಿ ಇದ್ದ ಹಾಗೆ. ಸುಮಾರು 1 ಬಾರ್ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯಲ್ಲ, ಸುಮಾರು 120ಕ್ಕೆ ಕುದಿಯುತ್ತೆ. ಕಾದ ಗಾಡಿಯ ಕ್ಯಾಪ್ ತಿರುಗಿಸಿದ ಕ್ಷಣ ಒತ್ತಡ ಹೋಗುತ್ತೆ, ಒಳಗಿನ ನೀರು ಒಮ್ಮೆಲೇ ಕುದ್ದು ಮುಖಕ್ಕೆ ಚಿಮ್ಮುತ್ತೆ. ನಾನು ಚಿಕ್ಕವನಿದ್ದಾಗ ನಮ್ಮ ಸೋದರಮಾವ ಬಂಕಾಪುರದ ಹತ್ತಿರ ಜೀಪ್ ನಿಲ್ಲಿಸಿ ಹೀಗೇ ಕ್ಯಾಪ್ ತೆಗೆದರು. ಮೊಣಕೈವರೆಗೆ ಸುಟ್ಟ ಕಲೆ ಇವತ್ತಿಗೂ ಇದೆ. ಗಾಡಿ ಕಾದರೆ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾಗೋವರೆಗೆ ಕಾಯಿರಿ. ಅರ್ಧ ಗಂಟೆ ತಡವಾದರೆ ಯಾವ ಲಗ್ನವೂ ನಿಲ್ಲಲ್ಲ.

ಕಾನೂನನ್ನೂ ಹೇಳಿಬಿಡ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಪವರ್ ಏರಿಸಿದ್ದನ್ನು ಮುಚ್ಚಿಟ್ಟರೆ ವಿಮೆ ಕ್ಲೇಮ್ ವೇಳೆ ತಕರಾರು ಬರಬಹುದು. ಮೊದಲೇ ಕೇಳಿ ತಿಳ್ಕೊಳ್ಳಿ.

ಆ ಹುಡುಗ ಕೊನೆಗೆ ಡಬಲ್ ಕೋರ್ ಹಾಕಿಸಲಿಲ್ಲ. ಸ್ವಲ್ಪ ಅಗಲದ, ಬಿಡಿ ಫಿನ್‌ನ ಅಲ್ಯೂಮಿನಿಯಂ ರೇಡಿಯೇಟರ್, ಹಳೇ ಕವಚ, ಹೊಸ ಕ್ಯಾಪ್. "ಅಣ್ಣಾ, ಈಗ ಘಾಟ್ ಹತ್ತತೈತ್ರಿ" ಅಂದ. "ಇಳಿಯೋಕೆ ಬ್ರೇಕ್ ನೋಡ್ಸೀಯೇನೋ?" ಅಂದೆ. ಆ ಕಡೆಯಿಂದ ಉತ್ತರ ಬರಲಿಲ್ಲ.

ಅದು ಇನ್ನೊಂದು ದಿನದ ಕಾರ್ಯಕ್ರಮ.